ಪೂರ್ತಿ ಬಿಲ್ ಕಟ್ಟೋರು ಕ್ರೆಡಿಟ್ ಕಾರ್ಡ್ ಬಡ್ಡಿ ರೇಟ್ ನೋಡ್ಬೇಕಾ?

ಮಂಡಿಪೇಟೆ_ಹುಡುಗ:
ನಮಸ್ಕಾರ ಎಲ್ರಿಗೂ. ದಾವಣಗೆರೆ ಮಂಡಿಪೇಟೆಲಿ ನಮ್ದು ಅಂಗಡಿ ಐತೆ, ಕಾರ್ಡ್ ತಗೊಂಡು ಎರಡು ವರ್ಷ ಆಯ್ತು, ಪ್ರತಿ ತಿಂಗ್ಳು ಬಿಲ್ ಪೂರ್ತಿ ಕಟ್ತೀನಿ, ಒಂದ್ ರೂಪಾಯಿ ಬಡ್ಡಿ ಬಿದ್ದಿಲ್ಲ. ಈಗ ಬಡ್ಡಿ ತಿಂಗ್ಳಿಗೆ 3.5 ಇದ್ದಿದ್ದು 3.75 ಪರ್ಸೆಂಟ್ ಆಗುತ್ತೆ ಅಂತ ಬ್ಯಾಂಕಿಂದ ಮೆಸೇಜ್ ಬಂತು, ಅಪ್ಪ ಅದನ್ನ ನೋಡಿ ವರ್ಷಕ್ಕೆ 45 ಅಂದ್ರೆ ಮೀಟರ್ ಬಡ್ಡಿ ಕಣೋ, ಮೊದ್ಲು ವಾಪಸ್ ಕೊಟ್ ಬಾ ಅಂತಿದಾರೆ. ಭಾವ ಬಡ್ಡಿ ಕಡಿಮೆ ಇರೋ ಬೇರೆ ಕಾರ್ಡ್ ತಗೋ ಅಂತಾರೆ, ಅದಕ್ಕೆ ವರ್ಷಕ್ಕೆ 1,000 ಫೀಸು. ಪೂರ್ತಿ ಕಟ್ಟೋನಿಗೆ ರೇಟ್ ಎಷ್ಟಿದ್ರೇನು, ಅಲ್ವಾ?

ಲೆಕ್ಕದ_ಮೇಷ್ಟ್ರು:
ಹೌದ್ರಿ, ಪೂರ್ತಿ ಕಟ್ಟಿದ್ರೆ ಬಡ್ಡಿ ಸೊನ್ನೆ. ಬಿಲ್ ಡೇಟ್ 15, ದುಡ್ಡು ಕಟ್ಟೋಕೆ ಕೊನೇ ದಿನ ಮುಂದಿನ ತಿಂಗ್ಳು 5 ಅಂತ ಇಟ್ಕೊಳ್ಳಿ, 16ಕ್ಕೆ ತಗೊಂಡ ಸಾಮಾನಿಗೆ ಬಡ್ಡಿ ಇಲ್ದೆ ಹತ್ರ ಹತ್ರ 50 ದಿನ ಸಿಗುತ್ತೆ, 14ಕ್ಕೆ ತಗೊಂಡ್ರೆ ಬರೀ ಮೂರು ವಾರ. ಬರ್ದೇ ಇರೋ ಬಡ್ಡಿಗೆ ಹೆದರಿ 1,000 ಫೀಸು ಯಾಕೆ ಕಟ್ತೀರಿ.

ಚೌಕಿಪೇಟೆ_ಅಣ್ಣ:
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ನಂದು ಒಂದ್ಸಲ ಕೇಳ್ರಿ. ತಂಗಿ ಮದ್ವೆ ಜವಳಿ ಎಲ್ಲಾ ಕಾರ್ಡ್‌ನಾಗೆ ತಗೊಂಡೆ, 38,500 ಬಿಲ್ ಬಂತು, ಕೈಯಾಗೆ ಸ್ವಲ್ಪ ಕಡಿಮೆ ಬಿತ್ತು ಅಂತ 36,500 ಕಟ್ಟಿ ಉಳಿದ 2,000 ಮುಂದಿನ ತಿಂಗ್ಳು ನೋಡನ ಅಂತ ಬಿಟ್ಟೆ. ಬಡ್ಡಿ ಆ 2,000ಕ್ಕೆ ಹಾಕ್ಲಿಲ್ರಿ, ಸೀರೆ ತಗೊಂಡ ದಿನದಿಂದ ಇಡೀ ಮೊತ್ತಕ್ಕೆ ಹಾಕಿದ್ರು, ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು ಹತ್ರ ಹತ್ರ 2,000! ಆ ತಿಂಗ್ಳು ತಗೊಂಡ ರೇಷನ್‌ಗೂ ಸ್ವೈಪ್ ಮಾಡಿದ ದಿನದಿಂದ್ಲೇ ಬಡ್ಡಿ, ಪುಕ್ಕಟೆ ದಿನ ಒಂದೂ ಇಲ್ಲ. ಬಿಲ್ ಹಾಳೆ ಹಿಡ್ಕೊಂಡು ಹೊಟ್ಟೆ ಉರ್ದೋಯ್ತು. ಕಾರ್ಡ್ ಬಾಕಿಗೆ ವರ್ಷಕ್ಕೆ 30 ಪರ್ಸೆಂಟ್ ಮೇಲೆ ಬಡ್ಡಿ ಹಾಕಂಗಿಲ್ಲ ಅಂತ 2008ರಾಗೆ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು, 2024ರ ಡಿಸೆಂಬರ್‌ನಾಗೆ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಹಂಗಾಗಿ ಒಂದ್ ತಿಂಗ್ಳು ತಪ್ಪಿದ್ರೂ ರೇಟ್ ಲೆಕ್ಕಕ್ಕೆ ಬರುತ್ತೆ.

ಬೆಣ್ಣೆದೋಸೆ_ಅಕ್ಕ:
ಇನ್ನೊಂದು ಯಾರೂ ಹೇಳ್ಲಿಲ್ಲ. ಆ ಕಾರ್ಡ್ ಹಾಕಿ ಎಟಿಎಂನಲ್ಲಿ ದುಡ್ಡು ತೆಗೀಬೇಡಿ, ಅದು ಇರಲಾರ್ದೆ ಇರುವೆ ಬಿಟ್ಕೊಂಡಂಗೆ. ಪೂರ್ತಿ ಕಟ್ಟಿದ್ರೂ ತೆಗೆದ ದಿನದಿಂದ್ಲೇ ಬಡ್ಡಿ, ಜೊತೆಗೆ ಫೀಸು ಬೇರೆ. ಆಮೇಲೆ ಆಟೋಪೇ (ಖಾತೆಯಿಂದ ಬಿಲ್ ದುಡ್ಡು ತಾನಾಗೇ ಹೋಗೋದು) ಇಟ್ಟಿದ್ರೆ ಅದ್ರಲ್ಲಿ ಟೋಟಲ್ ಡ್ಯೂ ಅಂದ್ರೆ ಪೂರ್ತಿ ಬಿಲ್ ಇದ್ಯೋ, ಮಿನಿಮಮ್ ಡ್ಯೂ ಅಂದ್ರೆ ಕಟ್ಲೇಬೇಕಾದ ಕನಿಷ್ಠ ಮೊತ್ತ ಮಾತ್ರ ಇದ್ಯೋ ನೋಡ್ಕೊಳ್ಳಪ್ಪ, ಮಿನಿಮಮ್ ಕಟ್ಟಿದ್ರೆ ಲೇಟ್ ಫೀಸು ತಪ್ಪುತ್ತೆ ಅಷ್ಟೇ, ಬಡ್ಡಿ ತಪ್ಪಲ್ಲ.

ಮಂಡಿಪೇಟೆ_ಹುಡುಗ:
ಅಕ್ಕ ತುಂಬಾ ಥ್ಯಾಂಕ್ಸ್, ಈಗ್ಲೇ ಆಪ್ ತೆಗ್ದು ನೋಡ್ದೆ, ಆಟೋಪೇ ಮಿನಿಮಮ್‌ಗೇ ಇತ್ತು! ಇಷ್ಟು ದಿನ ನಾನೇ ನೆನಪಿಟ್ಟು ಕೈಯಾರೆ ಕಟ್ತಿದ್ದಕ್ಕೆ ಗೊತ್ತಾಗಿಲ್ಲ. ಟೋಟಲ್‌ಗೆ ಬದಲಾಯಿಸ್ದೆ. ಭಾವನ ಕಾರ್ಡ್ ಬೇಡ, ಇದನ್ನೇ ಇಟ್ಕೊತೀನಿ, ಚೌಕಿಪೇಟೆ ಅಣ್ಣನ ಬಿಲ್ ಕಥೆ ಅಪ್ಪನಿಗೂ ಓದಿ ಹೇಳ್ತೀನಿ.