ಅಕ್ವೇರಿಯಂ ಕಲ್ಲಿನ ಮೇಲೆ ಓಡಾಡುವುದು ಸೀ ಸ್ಲಗ್ಗಾ, ಬಸವನಹುಳುವಾ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ): ನಮಸ್ಕಾರ ಮೇಡಂ. ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ರಾತ್ರಿ ಲೈಟ್ ಆರಿಸಿದ ಮೇಲೆ ಲೈವ್ ರಾಕ್ (ಜೀವಿಗಳು ನೆಲೆಸಿರುವ ಕಡಲ ಕಲ್ಲು) ಮೇಲೆ ಕಪ್ಪು-ಕಂದು ಬಣ್ಣದ, ಎರಡು ಸೆಂಟಿಮೀಟರ್ ಉದ್ದದ ಹುಳುಗಳು ಬರುತ್ತವೆ. ಟಾರ್ಚ್ ಬಿಟ್ಟರೆ ಸರ್ರನೆ ಸಂದಿಗೆ ನುಗ್ಗುತ್ತವೆ. ಹಿಡಿಯಲು ಹೋದರೆ ಬಾಲದ ತುಂಡಷ್ಟೇ ಕೈಗೆ ಬಂತು. ಹವಳ ತಿನ್ನುವ ಸೀ ಸ್ಲಗ್ (ಚಿಪ್ಪಿಲ್ಲದ ಬಸವನಹುಳುವಿನಂಥ ಕಡಲಜೀವಿ) ಇರಬೇಕು, ಔಷಧ ಹಾಕು ಅಂತ ಗೆಳೆಯರು ಹೇಳುತ್ತಿದ್ದಾರೆ. ಹಾಕಲಾ?

ಉತ್ತರ (ಕಡಲಜೀವಿ ಉಪನ್ಯಾಸಕಿ, ಧಾರವಾಡ): ದಯವಿಟ್ಟು ಹಾಕಬೇಡ್ರಿ. ತಾಮ್ರದ ಔಷಧ ಬಿದ್ದರೆ ಬಸವನಹುಳು, ಸಿಗಡಿ, ಹವಳ ಎಲ್ಲಕ್ಕೂ ಅಪಾಯ.

ನೀವು ಹೇಳಿದ್ದು ನೋಡಿದರೆ ಇದು ಸ್ಟೊಮಾಟೆಲ್ಲಾ ಅನಿಸುತ್ತದೆ. ಬಸವನಹುಳುವೇ, ಆದರೆ ಚಿಪ್ಪು ಮೈಗಿಂತ ತುಂಬಾ ಚಿಕ್ಕದು. ಹೆದರಿದಾಗ ಪಾದದ ಹಿಂಭಾಗವನ್ನು ಕಳಚಿ ಓಡುತ್ತದೆ, ಅದು ಮತ್ತೆ ಬೆಳೆಯುತ್ತದೆ. ಬಾಲ ಒಂದನ್ನೇ ನಂಬಬೇಡಿ, ಕೆಲವು ಸ್ಲಗ್‌ಗಳೂ ಮೈಯ ತುಂಡು ಕಳಚುತ್ತವೆ. ಬೆನ್ನಿನ ಮೇಲೆ ಉಗುರಿನಂಥ ಚಪ್ಪಟೆ ಚಿಪ್ಪು ಇದೆಯಾ ನೋಡಿ. ಪಾದದ ಅಂಚಿನಲ್ಲಿ ಸಣ್ಣ ಮೀಸೆಗಳಿದ್ದರೆ ಇನ್ನೂ ಖಾತ್ರಿ. ನುಡಿಬ್ರಾಂಕ್ ಎಂಬ ಸ್ಲಗ್‌ಗೆ ದೊಡ್ಡದಾದ ಮೇಲೆ ಚಿಪ್ಪೇ ಇರುವುದಿಲ್ಲ. ತಲೆಯ ಮೇಲೆ ಒಂದು ಜೊತೆ ಕೊಂಬು, ಹಲವು ಜಾತಿಗಳಲ್ಲಿ ಬೆನ್ನಿನ ಹಿಂಭಾಗದಲ್ಲಿ ಕಿವಿರಿನ ಕುಚ್ಚು ಕಾಣುತ್ತದೆ. ಮಾಂಟಿಪೋರಾ ಹವಳ ತಿನ್ನುವ ಸ್ಲಗ್ ಅಂತೂ ಬಿಳಿ, ಕೆಲವೇ ಮಿಲಿಮೀಟರ್ ಉದ್ದ, ಹವಳದ ಅಡಿಯಲ್ಲೇ ಅಡಗಿರುತ್ತದೆ. ನಿಮ್ಮದು ಬಯಲಲ್ಲಿ ಓಡಾಡುತ್ತಿದೆ, ಅಲ್ವಾ?

ಸ್ಟೊಮಾಟೆಲ್ಲಾ ಮುಖ್ಯವಾಗಿ ಪಾಚಿ ಮೇಯುತ್ತದೆ. ಟ್ಯಾಂಕಿನಲ್ಲೇ ಮರಿ ಮಾಡುತ್ತದೆ. ಒಂದು ರಾತ್ರಿ ಬಂಡೆಯ ತುದಿಗೇರಿ ಹೊಗೆಯಂತೆ ಬಿಳಿ ದ್ರವ ಬಿಟ್ಟರೆ ಗಾಬರಿಯಾಗಬೇಡಿ, ಅದು ಗಂಡಿನ ವೀರ್ಯ. ಇಂಥ ಜೀವಿ ತಾನಾಗಿ ಬಂದಿದ್ದು ನಿಮ್ಮ ಭಾಗ್ಯ, ಉಳಿಸಿಕೊಳ್ಳಿ.

ಇನ್ನೊಂದು ಪ್ರಶ್ನೆ (ಗದಗ): ಅಕ್ಕಾ, ಅಂಡಮಾನ್‌ನಲ್ಲಿ ನೀರೊಳಗೆ ಚುಕ್ಕೆ-ಮುಳ್ಳಿನ ಮೈಯ ಸ್ಲಗ್ ಕಂಡೆ. ಸ್ವಲ್ಪ ಹೊತ್ತಿಗೆ ಅದರ ಚರ್ಮ ಎರಡಾಗಿ ಬಿಚ್ಚಿ ಒಳಗೆ ಹೊಳೆಯುವ ಚಿಪ್ಪು ಕಂಡಿತು!

ಉತ್ತರ: ಅದು ಜೀವಂತ ಕವಡೆ. ಪಗಡೆಯಾಡಲು ಬಳಸುವ ಕವಡೆಯ ಬಂಧುವೇ. ಮೈಯ ಮಡಿಕೆ ಎರಡೂ ಕಡೆಯಿಂದ ಮೇಲೇರಿ ಚಿಪ್ಪನ್ನು ಮುಚ್ಚುತ್ತದೆ. ಬೆದರಿದರೆ ಒಳಗೆ ಸೇರುತ್ತದೆ. ಆ ಮಡಿಕೆಯೇ ಚಿಪ್ಪಿನ ಮೇಲೆ ಹೊಸ ಪದರ ಹಾಕುತ್ತಾ ಇರುವುದರಿಂದ ಅಷ್ಟು ಹೊಳಪು. ಕೊರಿಯೋಸೆಲ್ಲಾ ಎಂಬ ಬಸವನಹುಳುವಿಗೆ ಚಿಪ್ಪು ಪೂರ್ತಿ ಮೈಯೊಳಗೇ ಇರುತ್ತದೆ. ಹೊರಗಿನಿಂದ ನೋಡಿದವರು ಅದನ್ನು ಸ್ಲಗ್ ಅಂತಲೇ ಬರೆದುಕೊಳ್ಳುತ್ತಾರೆ. ಫೋಟೋ ಇದ್ದರೆ ಕಳುಹಿಸಪ್ಪ, ತಲೆಯ ಕಡೆಯಿಂದ ತೆಗೆದದ್ದಾದರೆ ಒಳ್ಳೆಯದು.