ಟ್ಯಾಕ್, ಜೈಬ್: ಎರಡಕ್ಕೂ ‘ತಿರುಗಿಸು’ ಅಂದರೆ ಸಾಕಾ?

ಗೆಳೆಯರೇ, ಹಾಯಿದೋಣಿ ತಿರುಗಿಸುವ ಎರಡು ಇಂಗ್ಲಿಷ್ ಪದಗಳ ವಿಷಯದಲ್ಲಿ ನಿಮ್ಮ ನೆರವು ಬೇಕು.

ಸರೋವರದ ದಡದ ಕ್ಲಬ್ಬೊಂದರಲ್ಲಿ ಶನಿವಾರ, ಭಾನುವಾರ ಪುಟ್ಟ ಹಾಯಿದೋಣಿಗಳ ರೆಗಾಟಾ, ಅಂದರೆ ದೋಣಿ ಪಂದ್ಯ, ನಡೆಯಲಿದೆ. ರಾತ್ರಿ ಅಲ್ಲೇ ಡೇರೆ ಹಾಕಿಕೊಂಡು ಉಳಿಯುವುದು. ಮೊದಲ ಸಲ ದೋಣಿ ಹತ್ತುವವರಿಗೆ ಅಂತ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ತುಂಬಾ ಪದಗಳು ತಾವಾಗೇ ಬಂದವು. ಹಾಯಿ, ಚುಕ್ಕಾಣಿ, ಲಂಗರು ಎಲ್ಲರಿಗೂ ಗೊತ್ತು. ಹಾಯಿ ಏರಿಸುವ ಕಂಬಕ್ಕೆ ಹಳೆಯ ನಿಘಂಟುಗಳಲ್ಲಿ ‘ಕೂವೆ’ ಅನ್ನುವ ಚೆಂದದ ಪದ ಇದೆ, ಅದನ್ನೇ ಬಳಸಿದೆ. ಇಂಥ ಪುಟ್ಟ ದೋಣಿಗೆ ಹೇಳುವ ‘ಡಿಂಗಿ’ಯನ್ನು ಹಾಗೇ ಬಿಟ್ಟೆ. ಇಂಗ್ಲಿಷಿನವರೇ ಅದನ್ನು ಹಿಂದಿ, ಬಂಗಾಳಿ ಕಡೆಯಿಂದ ತೆಗೆದುಕೊಂಡಿದ್ದಾರೆ. ಅದಕ್ಕೆ ಬದಲಿ ಹುಡುಕುವುದು ಸುಮ್ನೆ ಕೆಲಸ.

ಸಿಕ್ಕಿಕೊಂಡದ್ದು ಟ್ಯಾಕ್ ಮತ್ತು ಜೈಬ್ ಹತ್ತಿರ. ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಸ್ವಲ್ಪ ದೂರ ಹೋಗಿ, ಮೂತಿಯನ್ನು ಗಾಳಿ ಬರುವ ದಿಕ್ಕಿಗೆ ಅಡ್ಡಲಾಗಿ ದಾಟಿಸಿ, ಆಚೆಯ ಓರೆ ಹಿಡಿಯಬೇಕು. ಹೀಗೆ ಅಂಕುಡೊಂಕಾಗಿ ಗಾಳಿ ಬರುವ ಕಡೆಗೆ ಹೋಗುವುದು. ಈ ತಿರುವು ಟ್ಯಾಕ್. ಗಾಳಿ ಬೆನ್ನಿಗಿದ್ದಾಗ ದೋಣಿಯ ಹಿಂಬದಿಯನ್ನು ಗಾಳಿಗೆ ಅಡ್ಡ ದಾಟಿಸಿ ತಿರುಗಿದರೆ ಅದು ಜೈಬ್.

ಎರಡರಲ್ಲೂ ತಿರುಗುವುದು ಇದೆ ನಿಜ, ಆದರೆ ದೋಣಿಯೊಳಗೆ ಕೂತವರಿಗೆ ಇವೆರಡೂ ಬೇರೆ ಬೇರೆ ಲೋಕ. ಟ್ಯಾಕ್ ಮಾಡುವಾಗ ಹಾಯಿ ಗಾಳಿ ಕಳೆದುಕೊಂಡು ಪಟಪಟ ಬಡಿಯುತ್ತದೆ. ಅದರ ಬುಡದ ಅಡ್ಡಗೋಲು, ಅಂದರೆ ಬೂಮ್, ಮೆಲ್ಲಗೆ ಈ ಕಡೆಯಿಂದ ಆ ಕಡೆಗೆ ಬರುತ್ತದೆ. ಜೈಬ್‌ನಲ್ಲಿ ಹಾಗಲ್ಲ. ಹಾಯಿ ಗಾಳಿ ತುಂಬಿಕೊಂಡೇ ಇರುತ್ತದೆ. ಗಾಳಿ ಇನ್ನೊಂದು ಮುಖಕ್ಕೆ ತಗುಲಿದ ಕ್ಷಣಕ್ಕೆ ಬೂಮ್ ರಪ್ಪನೆ ಬೀಸಿ ಬರುತ್ತದೆ.

ಒಮ್ಮೆ ನಾನು ಚುಕ್ಕಾಣಿ ಹಿಡಿದಿದ್ದೆ, ಮುಂದೆ ಕೂತಿದ್ದ ಗೆಳತಿಗೆ ಅದು ಎರಡನೇ ದಿನ. ಗಾಳಿ ಬೆನ್ನಿಗಿತ್ತು. ‘ತಿರುಗಿಸ್ತೀನಿ’ ಅಂದೆ. ಬೆಳಗ್ಗೆಯಿಂದ ಹತ್ತಾರು ಟ್ಯಾಕ್ ಮಾಡಿದ್ದೆವು, ಆಗೆಲ್ಲ ಇದೇ ಮಾತು ಹೇಳಿದ್ದೆ. ಅವಳು ನಿಧಾನಕ್ಕೆ ಏಳಹೋದಳು. ಬೂಮ್ ಅವಳ ಲೈಫ್ ಜಾಕೆಟ್ಟಿನ ಭುಜಕ್ಕೆ ಉಜ್ಜಿಕೊಂಡು ಹೋಯಿತು. ನಾಲ್ಕು ಬೆರಳು ಮೇಲಾಗಿದ್ದರೆ ತಲೆಗೇ ಬೀಳುತ್ತಿತ್ತು. ತಪ್ಪು ನನ್ನದೇ. ಎರಡು ಬೇರೆ ಕೆಲಸಕ್ಕೆ ಒಂದೇ ಮಾತು ಹೇಳಿದ್ದೆ.

ಕೈಪಿಡಿಗೆ ನನಗೆ ಹೊಳೆದದ್ದು ‘ಎದುರುತಿರುವು’, ‘ಬೆನ್ನುತಿರುವು’. ಎದುರುಗಾಳಿಯಲ್ಲಿ ಮಾಡುವುದು ಒಂದು, ಬೆನ್ನುಗಾಳಿಯಲ್ಲಿ ಮಾಡುವುದು ಇನ್ನೊಂದು. ನೀರಿನ ಮೇಲೆ ಇಷ್ಟುದ್ದ ಬೇಡ, ‘ಎದುರು!’ ‘ಬೆನ್ನು!’ ಅಂದರೆ ಸಾಕು. ಗಾಳಿಯ ಸದ್ದಿನಲ್ಲೂ ಒಂದು ಇನ್ನೊಂದರಂತೆ ಕೇಳುವುದಿಲ್ಲ. ಒಂದು ಅನುಮಾನ ಮಾತ್ರ ಉಳಿದಿದೆ. ‘ಎದುರು’ ಅಂದಾಗ ‘ಎದುರಿಗೆ ಏನೋ ಬಂತು’ ಅಂತ ಹೊಸಬರು ತಲೆ ಎತ್ತಿ ನೋಡಿಬಿಟ್ಟರೆ? ತಲೆ ತಗ್ಗಿಸಬೇಕಾದ ಹೊತ್ತಿನಲ್ಲಿ ಅದು ಒಳ್ಳೆಯದಲ್ಲ. ‘ಮೊಗಹೊರಳು’ ಅಂತ ಒಬ್ಬರು ಸೂಚಿಸಿದರು. ಓದಲು ಸೊಗಸು, ಕೂಗಲು ಕಷ್ಟ ಅನಿಸಿತು. ದೋಣಿ ಕೆಲಸದ ಮನೆಗಳಲ್ಲಿ ಬೆಳೆದವರು ಯಾರಾದರೂ ಇದ್ದರೆ, ನಿಮ್ಮಲ್ಲಿ ಬಾಯಿಮಾತಿಗೆ ಏನಂತಿದ್ದರು, ದಯವಿಟ್ಟು ತಿಳಿಸಿ.

ಹಾಗಂತ ಎಲ್ಲವನ್ನೂ ಕನ್ನಡಕ್ಕೆ ತರಬೇಕು ಅನ್ನುವವನು ನಾನಲ್ಲ. ನಮ್ಮ ದೋಣಿಯೊಳಗೆ ನಾವೇ ಆಡುವ ಮಾತು ನಮ್ಮ ಭಾಷೆಯಲ್ಲಿರಲಿ. ಪಕ್ಕದ ದೋಣಿಗೆ ಕೂಗುವ ಮಾತು ಎಲ್ಲರಿಗೂ ಒಂದೇ ಇರಬೇಕು. ಬಲಮಗ್ಗುಲಿನಿಂದ ಗಾಳಿ ಪಡೆಯುವ ದೋಣಿಗೆ ಎಡಮಗ್ಗುಲಿನಿಂದ ಪಡೆಯುವ ದೋಣಿ ದಾರಿ ಬಿಡಬೇಕು. ಹಾಯಿದೋಣಿ ಪಂದ್ಯಗಳ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಸೈಲಿಂಗ್‌ನ ಪಂದ್ಯ ನಿಯಮಗಳಲ್ಲಿ ಅದು 10ನೇ ನಿಯಮ. ಆಗ ‘ಸ್ಟಾರ್‌ಬೋರ್ಡ್!’ ಅಂತಲೇ ಕೂಗಬೇಕು. ‘ಬಲಗಡೆ’ ಅಂದರೆ ಯಾರ ಬಲಗಡೆ? ಹಿಂದಕ್ಕೆ ಮುಖ ಮಾಡಿ ಕೂತವನಿಗೆ ಅದು ಎಡ. ಸ್ಟಾರ್‌ಬೋರ್ಡ್ ಅನ್ನುವುದು ಮೂತಿಯ ಕಡೆ ನೋಡಿದಾಗಿನ ದೋಣಿಯ ಬಲಮಗ್ಗುಲು, ಮನುಷ್ಯ ಯಾವ ಕಡೆ ತಿರುಗಿದರೂ ಬದಲಾಗದು.

ಇನ್ನೊಂದು ಪದದಲ್ಲಿ ನಾನೇ ಎಡವಿದ್ದೆ. ಮೊದಲ ಕರಡಿನಲ್ಲಿ ‘ದೋಣಿ ಮುಳುಗಿದರೆ ಏನು ಮಾಡಬೇಕು’ ಅಂತ ಬರೆದಿದ್ದೆ. ಓದಿದ ಒಬ್ಬ ತಾಯಿ ಮಗನನ್ನು ಕಳಿಸುವುದೇ ಬೇಡ ಅಂದುಬಿಟ್ಟರು! ಅಲ್ಲಿ ಇರಬೇಕಾದದ್ದು ‘ಮಗುಚಿದರೆ’. ಈ ಪುಟ್ಟ ದೋಣಿಗಳು ಮಗುಚುವುದು ದಿನದ ಮಾತು. ಒಳಗೆ ಗಾಳಿ ತುಂಬಿದ ಭಾಗಗಳಿರುವುದರಿಂದ ತೇಲುತ್ತಲೇ ಇರುತ್ತವೆ. ತಳದಿಂದ ಹೊರಚಾಚಿದ ನಡುಹಲಗೆಯ ಮೇಲೆ ಹತ್ತಿ ನಿಂತು, ಅಂಚು ಹಿಡಿದು ಹಿಂದಕ್ಕೆ ವಾಲಿದರೆ ದೋಣಿ ನೀರು ಸುರಿಸುತ್ತಾ ಎದ್ದು ನಿಲ್ಲುತ್ತದೆ. ಮಗುಚು ಎಷ್ಟು ಸರಿಯಾದ ಪದ ನೋಡಿ. ಹಳಗನ್ನಡದಲ್ಲಿ ‘ಮಗುೞ್’ ಅಂದರೆ ಹಿಂದಿರುಗು, ‘ಮಗುೞೆ’ ಅಂದರೆ ಮತ್ತೆ. ಪುಟ ಮಗುಚುತ್ತೇವೆ, ಒಣಹಾಕಿದ್ದನ್ನು ಮಗುಚುತ್ತೇವೆ. ಮಗುಚಿದ್ದನ್ನು ಮತ್ತೆ ಮಗುಚಬಹುದು. ಮುಳುಗಿದ್ದರ ಕತೆ ಬೇರೆ, ಅಲ್ವಾ?

ಕೊನೆಯದು ಡೇರೆ ಹಾಕುವ ಜಾಗದ್ದು. ಗಾಳಿ ತಾಗದ ಕಡೆಗೆ ‘ಗಾಳಿಮರೆ’ ಅಂತ ಬರೆದೆ. ದೀಪಕ್ಕೆ ಕೈ ಅಡ್ಡ ಹಿಡಿದು ಮರೆ ಮಾಡುತ್ತೇವಲ್ಲ, ಹಾಗೆ. ಗುಡ್ಡದ ಗಾಳಿಮರೆ, ಮರಗಳ ಗಾಳಿಮರೆ ಅಂದರೆ ಯಾರಿಗೂ ಗೊಂದಲ ಇಲ್ಲ. ಇಂಗ್ಲಿಷಿನ ‘ಲೀ’ಗೂ ಮರೆ ಅಂತಲೇ ಅರ್ಥ, ಆದರೆ ದೋಣಿಯವರು ‘ಲೀ ಶೋರ್’ ಅನ್ನುವ ದಡ ಇದಕ್ಕೆ ಪೂರ್ತಿ ಉಲ್ಟಾ. ದೋಣಿಯಿಂದ ನೋಡಿದರೆ ಗಾಳಿ ಸಾಗುವ ಕಡೆಯ ದಡ ಅದು. ಅಲೆಯೂ ಗಾಳಿಯೂ ನೇರ ಅಲ್ಲಿಗೇ ಬಡಿಯುತ್ತವೆ. ಅದನ್ನು ‘ಮರೆದಡ’ ಅಂತ ಬರೆದರೆ ಹೊಸಬರು ಅಲ್ಲೇ ಗೂಟ ಹೊಡೆದು, ನಡುರಾತ್ರಿ ಡೇರೆಯ ಬಟ್ಟೆ ಹಿಡಿದುಕೊಂಡು ಕೂರಬೇಕಾಗುತ್ತದೆ. ಸದ್ಯಕ್ಕೆ ‘ಗಾಳಿ ಬಡಿಯುವ ದಡ’, ‘ಗಾಳಿ ಹೊರಡುವ ದಡ’ ಅಂತ ಬಿಡಿಸಿ ಬರೆದಿದ್ದೇನೆ. ನಕ್ಷೆಯ ಮೇಲೆ ಅಷ್ಟುದ್ದ ಹಿಡಿಸುತ್ತಿಲ್ಲ. ‘ಬಡಿದಡ’ ಅಂತ ಚಿಕ್ಕದು ಮಾಡಿದರೆ ನಿಮಗೆ ಅರ್ಥವಾಗುತ್ತದೆಯೇ?