ಹಳೇ ‘ಮಾಸ್ಟರ್ ಆಫ್ ಓರಿಯನ್’ ಹೊಸ ಲ್ಯಾಪ್‌ಟಾಪಿನಲ್ಲಿ: ಅಸಲಿಯೇ ಬೇಕಾ, ರೀಮೇಕ್ ಸಾಕಾ?

ಕ್ಯಾತ್ಸಂದ್ರ ಕಮಾಂಡರ್:
ಹೊಸ ಹುಡುಗರು ಬಂದು ‘ಹಳೇ ಸ್ಪೇಸ್ ಸ್ಟ್ರಾಟಜಿ ಆಟಗಳನ್ನು ಎಲ್ಲಿಂದ ಶುರು ಮಾಡಲಿ’ ಅಂತ ಕೇಳಿದಾಗಲೆಲ್ಲ ಇಲ್ಲಿ ಯಾರಾದರೂ ಒಬ್ಬರು 2016ರ ಮಾಸ್ಟರ್ ಆಫ್ ಓರಿಯನ್ ರೀಮೇಕ್ ತಗೊಳ್ಳಿ ಅನ್ನುತ್ತಾರೆ. ದಯವಿಟ್ಟು ನಿಲ್ಲಿಸಿ. 1993ರಲ್ಲಿ ಸಿಮ್‌ಟೆಕ್ಸ್ ಮಾಡಿದ ಮೊದಲನೆಯದು ಈಗಲೂ ಸಿಗುತ್ತದೆ. ವಿಂಡೋಸ್ 11ರಲ್ಲೂ ಓಡುತ್ತದೆ. ಹಳೇ ಡಾಸ್ ಆಟಗಳನ್ನು ಓಡಿಸುವ ಡಾಸ್‌ಬಾಕ್ಸ್ ತಂತ್ರಾಂಶ ಹಾಕಿ, ಆಟದ ಫೋಲ್ಡರ್ ಅದಕ್ಕೆ ಮೌಂಟ್ ಮಾಡಿ, ಮುಗೀತು. ಹಳೇ ಆಟ ಮಾರುವ ಜಾಲತಾಣ ಗಾಗ್‌ನಲ್ಲಿ ಕೊಂಡರೆ ಅದೂ ಬೇಡ, ಡಾಸ್‌ಬಾಕ್ಸ್ ಜೊತೆಗೇ ಬರುತ್ತದೆ.

ಒಂದು ಗ್ರಹಕ್ಕೆ ಐದೇ ಸ್ಲೈಡರ್. ಹಡಗು, ರಕ್ಷಣೆ, ಕೈಗಾರಿಕೆ, ಪರಿಸರ, ಸಂಶೋಧನೆ. ಇಡೀ ಸಾಮ್ರಾಜ್ಯ ಅಷ್ಟರಲ್ಲೇ ನಡೆಯುತ್ತದೆ. ಪ್ರತಿ ಆಟದಲ್ಲೂ ಕೆಲವು ತಂತ್ರಜ್ಞಾನ ನಿಮ್ಮ ಪಟ್ಟಿಗೆ ಬರುವುದೇ ಇಲ್ಲ. ಕದಿಯಬೇಕು, ಇಲ್ಲ ಪಕ್ಕದವರ ಜೊತೆ ಅದಲು ಬದಲು ಮಾಡಿಕೊಳ್ಳಬೇಕು. ಎಷ್ಟು ಸಲ ಆಡಿದರೂ ಬೇಜಾರಾಗದೇ ಇರುವುದು ಅದಕ್ಕೇ. 2016ರದ್ದರಲ್ಲಿ ಇಂಥ ನಕ್ಷತ್ರದಿಂದ ಇಂಥ ನಕ್ಷತ್ರಕ್ಕೆ ಮಾತ್ರ ಹೋಗಬಹುದು ಅಂತ ಗೆರೆ ಎಳೆದಿಟ್ಟಿದ್ದಾರೆ. ಬಾಹ್ಯಾಕಾಶದಲ್ಲಿ ಗೆರೆ ಯಾಕೆ ಸ್ವಾಮಿ? ನನ್ನ ಲ್ಯಾಪ್‌ಟಾಪಿನ ಸ್ಕ್ರೀನ್‌ಶಾಟ್ ಹಾಕಿದ್ದೇನೆ, ನೋಡಿ ಎಷ್ಟು ಚೆನ್ನಾಗಿದೆ.

ಶಿರಾ ಗೇಟ್ ಶಿವು:
ನೋಡಿದೆ ಸರ್. ಗ್ರಹ ಯಾಕೆ ತಟ್ಟೆ ಇಡ್ಲಿ ತರ ಚಪ್ಪಟೆಯಾಗಿದೆ? ಇದಾ ನಿಮ್ಮ ಅಸಲಿ?

ತಿಪಟೂರು 486:
‘ಮುಗೀತು’ ಅಂತೆ. ಹೊಸಬರಿಗೆ ಅಲ್ಲೇ ಶುರುವಾಗುತ್ತದೆ ಗೋಳು. ಮೌಸ್ ಕಿಟಕಿಯೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಕಂಟ್ರೋಲ್ ಎಫ್10 ಒತ್ತಿದರೆ ಬಿಡುತ್ತದೆ ಅಂತ ಅವರಿಗೆ ಯಾರು ಹೇಳಿದ್ದರು? ವೇಗ ಹೆಚ್ಚುಕಮ್ಮಿ ಆದರೆ ಕಂಟ್ರೋಲ್ ಎಫ್11, ಎಫ್12 ಅಂತ ಗೊತ್ತಾ? ಸುಮ್ನೆ ‘ರೆಮ್ನೆಂಟ್ಸ್ ಆಫ್ ದಿ ಪ್ರಿಕರ್ಸರ್ಸ್’ ಹಾಕಿಕೊಳ್ಳಿ. ಮೊದಲ ಓರಿಯನ್ನಿನ ನಿಯಮಗಳನ್ನೇ ಹಿಡಿದು ಹೊಸದಾಗಿ ಜಾವಾದಲ್ಲಿ ಬರೆದದ್ದು. ಚಿತ್ರವೂ ಹೊಸದು. ಕಾಸೂ ಇಲ್ಲ.

ಕ್ಯಾತ್ಸಂದ್ರ ಕಮಾಂಡರ್:
@ಶಿವು, ಚಪ್ಪಟೆ ಇಲ್ಲ. ಲೆಕ್ಕ ಹಾಕಿ. ಆಟದ ಪರದೆ 320×200. ನನ್ನ ಲ್ಯಾಪ್‌ಟಾಪ್ 1280×800. ಅಡ್ಡಕ್ಕೂ ನಾಲ್ಕು ಪಟ್ಟು, ಉದ್ದಕ್ಕೂ ನಾಲ್ಕು ಪಟ್ಟು. ಆಟದ ಒಂದು ಚುಕ್ಕೆಗೆ (ಪಿಕ್ಸೆಲ್‌ಗೆ) ಪರದೆಯ ಸರಿಯಾಗಿ ಹದಿನಾರು ಚುಕ್ಕೆ. ಇದಕ್ಕಿಂತ ಶುದ್ಧ ಇನ್ನೆಲ್ಲಿ ಸಿಗುತ್ತದೆ?

ಶಿರಾ ಗೇಟ್ ಶಿವು:
‘ಶುದ್ಧ’ ಅಂದಿರಲ್ಲ, ಅಲ್ಲೇ ಎಡವಿದ್ದು. 1993ರಲ್ಲಿ ಯಾರ ಟೇಬಲ್ಲಿನ ಮೇಲೆ 16:10 ಮಾನಿಟರ್ ಇತ್ತು? ಎಲ್ಲರದೂ 4:3. ಅದೇ 200 ಸಾಲು ಆ 4:3 ಗಾಜನ್ನು ಪೂರ್ತಿ ತುಂಬುತ್ತಿತ್ತು. ಅಂದರೆ ಒಂದೊಂದು ಚುಕ್ಕೆಯೂ ಅಗಲಕ್ಕಿಂತ 1.2 ಪಟ್ಟು ಎತ್ತರ. ನೀವು ಅದನ್ನು ಚೌಕ ಮಾಡಿ ಗ್ರಹದ ತಲೆ ಮೇಲೆ ಕೂತಿದ್ದೀರಿ. ಡಾಸ್‌ಬಾಕ್ಸ್ ಕಾನ್ಫಿಗ್ ಫೈಲಿನಲ್ಲಿ ‘ಆಸ್ಪೆಕ್ಟ್’ ಅನ್ನುವ ಸಾಲಿದೆ. ಅದನ್ನು ‘ಟ್ರೂ’ ಮಾಡಿ, ಗ್ರಹ ಎದ್ದು ಕೂರುತ್ತದೆ.

ಮಧುಗಿರಿ ಮೆಕ್ಲಾರ್:
ಗ್ರಹ ಬಿಡಿ. ರೀಮೇಕ್ ಯಾಕೆ ಬೇಡ ಅನ್ನುವುದಕ್ಕೆ ಬಾಹ್ಯಾಕಾಶ ಯುದ್ಧದ ಆಟ ಹೋಮ್‌ವರ್ಲ್ಡ್‌ಗಿಂತ ಒಳ್ಳೇ ಸಾಕ್ಷಿ ಇಲ್ಲ. 1999ರ ಮೂಲ ಆಟದಲ್ಲಿ ಸಣ್ಣ ಹಡಗುಗಳಿಗೆ ಇಂಧನ ಮುಗಿಯುತ್ತಿತ್ತು. ವಾಪಸ್ ಕರೆಸಿ ತುಂಬಿಸಬೇಕಿತ್ತು. 2015ರ ರೀಮಾಸ್ಟರ್ಡ್‌ನಲ್ಲಿ ಇಂಧನವನ್ನೇ ಎತ್ತಿಹಾಕಿದರು, ಯಾಕೆಂದರೆ ಎರಡನೇ ಹೋಮ್‌ವರ್ಲ್ಡ್ ಎಂಜಿನ್ ಮೇಲೆ ಕಟ್ಟಿದ್ದು. ಹಡಗುಗಳು ಸಾಲುಗಟ್ಟುವ ಫಾರ್ಮೇಷನ್‌ಗಳೂ ಹಾಳಾಗಿದ್ದವು, 2016ರಲ್ಲಿ ಪ್ಯಾಚ್ ಬಿಟ್ಟು ಒಂದಿಷ್ಟು ಸರಿ ಮಾಡಿದರು. ಇಂಧನ ಮಾತ್ರ ಬರಲಿಲ್ಲ. ಇಂಧನ ಇಲ್ಲದ ಹೋಮ್‌ವರ್ಲ್ಡ್ ಅದೇ ಆಟವಾ? ಉತ್ತರ ಹೇಳಿ.

ಕ್ಯಾತ್ಸಂದ್ರ ಕಮಾಂಡರ್:
@ಶಿವು, ‘ತಟ್ಟೆ ಇಡ್ಲಿ’ ಅಂತ ನೀವೇ ಹೇಳಿದ್ದು. ನಮ್ಮೂರಿಗೆ ಬಂದು ಒಂದು ಪ್ಲೇಟ್ ಹಾಕಿಸಿಕೊಂಡು ಮೇಲಿಂದ ನೋಡಿ. ದುಂಡಗೇ ಇರುತ್ತದೆ. ಹಾಗಾದರೆ ನನ್ನ ಗ್ರಹವೂ ದುಂಡಗೇ ಇದೆ ಅಂತ ಒಪ್ಪಿಕೊಂಡ ಹಾಗಾಯಿತು.

ಶಿರಾ ಗೇಟ್ ಶಿವು:
ಪಕ್ಕದಿಂದ ನೋಡಿ ಸರ್. ನಾನು ಹೇಳಿದ್ದು ಪಕ್ಕದಿಂದ.

ಎಸ್.ಎಸ್. ಪುರಂ ರೂಪಾ:
ಎಲ್ಲ ರೀಮೇಕ್ ಕೆಟ್ಟದ್ದು ಅಂತ ಒಂದೇ ಗಂಟು ಕಟ್ಟಬೇಡಿ. 2017ರ ಸ್ಟಾರ್‌ಕ್ರಾಫ್ಟ್ ರೀಮಾಸ್ಟರ್ಡ್ ನೋಡಿ. 1998ರ ಆಟದ ನಡೆ ಒಂಚೂರೂ ಬದಲಾಗಿಲ್ಲ, ಚಿತ್ರ ಮತ್ತು ಧ್ವನಿ ಮಾತ್ರ ಹೊಸದು. ಆಡುತ್ತಿರುವಾಗಲೇ ಎಫ್5 ಒತ್ತಿದರೆ ಹಳೇ ಚಿತ್ರಕ್ಕೆ ಹೋಗುತ್ತದೆ, ಮತ್ತೆ ಒತ್ತಿದರೆ ಹೊಸದಕ್ಕೆ. ಹಳೇದೇ ಬೇಕು ಅನ್ನುವವರಿಗೆ ಅದೇ ವರ್ಷ ಮೂಲ ಆಟವನ್ನು ಪುಕ್ಕಟೆ ಮಾಡಿದರು. ಹೀಗೂ ಮಾಡಬಹುದು ಅಲ್ವಾ?

ತಿಪಟೂರು 486:
ಮೇಡಂ, ಸ್ಟಾರ್‌ಕ್ರಾಫ್ಟ್ ನಡೆಯುವುದು ನೆಲದ ಮೇಲೆ. ಬಾಹ್ಯಾಕಾಶ ಬರೀ ಅಂಚಿನಲ್ಲಿ ಕಾಣುತ್ತದೆ. ಅದನ್ನು ಈ ಚರ್ಚೆಗೆ ತರಬೇಡಿ.

ಎಸ್.ಎಸ್. ಪುರಂ ರೂಪಾ:
ನೆಲದ ಮೇಲೆ ನಡೆದರೆ ಎಫ್5 ಕೆಲಸ ಮಾಡುವುದಿಲ್ಲವಾ? ನಾನು ಹೇಳಿದ್ದು ರೀಮಾಸ್ಟರ್ ಹೇಗಿರಬೇಕು ಅಂತ. ಓದಿ ಬರೆಯಿರಿ.

ಗುಬ್ಬಿ ಪೆಂಗ್ವಿನ್:
ಎಲ್ಲರೂ ವಿಂಡೋಸ್ ಕಟ್ಟಿಕೊಂಡು ಒದ್ದಾಡುತ್ತಿದ್ದೀರಿ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂ ಮುಟ್ಟುವುದೇ ಇಲ್ಲ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. 1995ರ ‘ಸ್ಟಾರ್ಸ್!’ ಆಡಿದವರು ಇಲ್ಲಿ ಯಾರಾದರೂ ಇದ್ದೀರಾ? ವಿಂಡೋಸ್ 3.1ಕ್ಕೆ ಮಾಡಿದ ಆಟ. ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ ‘ಆಗುವುದಿಲ್ಲ’ ಅನ್ನುತ್ತದೆ. ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್ ಹಾಕಿಕೊಂಡು ಆಡುತ್ತಿದ್ದೇನೆ. ವಿಂಡೋಸ್ ಆಟಕ್ಕೆ ವಿಂಡೋಸೇ ಬೇಡವಾಯಿತು. ಜೊತೆಗೆ ಓರಿಯನ್ ಮಾದರಿಯ ಆಟ ಫ್ರೀಓರಿಯನ್ ಇದೆ, ಮುಕ್ತ ತಂತ್ರಾಂಶ, ಯಾವನಿಗೂ ಕೈ ಚಾಚಬೇಕಾಗಿಲ್ಲ.

ಕ್ಯಾತ್ಸಂದ್ರ ಕಮಾಂಡರ್:
ಫ್ರೀಓರಿಯನ್‌ನಲ್ಲೂ ಸ್ಟಾರ್‌ಲೇನ್, ಅಂದರೆ ಅದೇ ನಕ್ಷತ್ರದಿಂದ ನಕ್ಷತ್ರಕ್ಕೆ ಎಳೆದ ಗೆರೆ ಇದೆ. ಮುಂದಕ್ಕೆ ಹೋಗಿ.

@ಶಿವು, ಸ್ಕೇಲ್ ಇಟ್ಟು ಅಳೆದೆ. ನನ್ನ ಪರದೆಯಲ್ಲಿ ಅಗಲ, ಎತ್ತರ ಎರಡೂ ಒಂದೇ.

ಶಿರಾ ಗೇಟ್ ಶಿವು:
ಅದೇ ಸ್ಕ್ರೀನ್‌ಶಾಟ್ ನಾನು ಡೌನ್‌ಲೋಡ್ ಮಾಡಿ ಪೇಂಟ್‌ನಲ್ಲಿ ಚೌಕ ಎಳೆದು ನೋಡಿದೆ. ಅಗಲ ಜಾಸ್ತಿ ಬಂತು. ಯಾವ ಸ್ಕೇಲ್ ಅದು?

ಕ್ಯಾತ್ಸಂದ್ರ ಕಮಾಂಡರ್:
ಯಾವ ಗ್ರಹ ಅಳೆದಿರಿ?

ಶಿರಾ ಗೇಟ್ ಶಿವು:
ನೀವು ಯಾವುದು ಅಳೆದಿರೋ ಅದನ್ನು ಬಿಟ್ಟು ಬೇರೆಯದು, ಅಂತ ಕಾಣುತ್ತದೆ.

ಹಳೇ ಮಾನಿಟರ್:
ಇಬ್ಬರದೂ ಅರ್ಧ ಜ್ಞಾನ. ಆ ಕಾಲದ ಮಾನಿಟರಿನ ಮುಂದೆ ಅಥವಾ ಹಿಂದೆ ಗುಂಡಿಗಳಿದ್ದವು. ಎತ್ತರ ಹೆಚ್ಚು ಕಡಿಮೆ ಮಾಡಲು ಒಂದು, ಅಗಲಕ್ಕೆ ಒಂದು. ಯಾರೋ ತಿರುಗಿಸಿ ಬಿಟ್ಟದ್ದು ಹಾಗೇ ಇರುತ್ತಿತ್ತು. ಒಬ್ಬೊಬ್ಬರ ಮನೆಯಲ್ಲಿ ಗ್ರಹ ಒಂದೊಂದು ಆಕಾರ. ಕಲಾವಿದರೂ ಎಲ್ಲರೂ ಈ 1.2 ಲೆಕ್ಕ ಇಟ್ಟುಕೊಂಡು ಬರೆಯುತ್ತಿರಲಿಲ್ಲ. ಒಂದೇ ಆಟದಲ್ಲಿ ಒಂದು ಚಿತ್ರ ಸರಿ, ಇನ್ನೊಂದು ಸೊಟ್ಟ ಇರುವುದುಂಟು.

ಅಂದಹಾಗೆ ಡಾಸ್‌ಬಾಕ್ಸ್‌ನಲ್ಲಿ ಫಿಲ್ಟರ್ ಹಾಕಿ ಅಡ್ಡಕ್ಕೆ ದಪ್ಪ ಕಪ್ಪು ಗೆರೆ ಬರಿಸಿಕೊಂಡು ‘ಅಸಲಿ ಫೀಲ್’ ಅನ್ನುವವರು ಇದ್ದಾರಲ್ಲ, ಅವರಿಗೊಂದು ಮಾತು. ಆಗಿನ ಪಿಸಿಯಲ್ಲಿ ಚಿತ್ರ ಮೂಡಿಸುತ್ತಿದ್ದ ವಿಜಿಎ ಕಾರ್ಡ್ ಈ 200 ಸಾಲನ್ನು ಎರಡೆರಡು ಸಲ ಎಳೆದು 400 ಸಾಲು ಮಾಡಿ ಕಳಿಸುತ್ತಿತ್ತು. ಆ ದಪ್ಪ ಗೆರೆ ಪಿಸಿ ಮಾನಿಟರಿನಲ್ಲಿ ಇರಲೇ ಇಲ್ಲ. ಅದು ಟಿವಿಗೆ ಜೋಡಿಸುವ ವಿಡಿಯೋ ಗೇಮಿನ ನೆನಪು.

ಶಿರಾ ಗೇಟ್ ಶಿವು:
‘ಕಲಾವಿದರೂ ಎಲ್ಲರೂ ಲೆಕ್ಕ ಇಡುತ್ತಿರಲಿಲ್ಲ’ ಅಂದರೆ ಕೆಲವರು ಇಡುತ್ತಿದ್ದರು ಅಂತ ತಾನೇ? ಧನ್ಯವಾದ. ನನ್ನ ವಾದ ಅಷ್ಟೇ.

ಕ್ಯಾತ್ಸಂದ್ರ ಕಮಾಂಡರ್:
‘ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಆಕಾರ’ ಅಂದರು ನೋಡಿ. ನನ್ನ ಮನೆಯಲ್ಲಿ ನನ್ನ ಆಕಾರ. ನನ್ನ ವಾದವೂ ಅಷ್ಟೇ.

ಹಳೇ ಮಾನಿಟರ್:
ನಾನು ಹೇಳಿದ್ದು ಇವೆರಡೂ ಅಲ್ಲ.

ಮಧುಗಿರಿ ಮೆಕ್ಲಾರ್:
ಇಂಧನದ ಬಗ್ಗೆ ಕೇಳಿದ್ದೆ.

ಎಸ್.ಎಸ್. ಪುರಂ ರೂಪಾ:
ಈ ತಲೆನೋವೇ ಬೇಡ ಅಂದರೆ ಎರಡನೇ ಓರಿಯನ್ ಆಡಿ. 1996ರದ್ದು. ಪರದೆ 640×480, ತಾನೇ ತಾನಾಗಿ 4:3. ಚುಕ್ಕೆ ಚೌಕ, ಗ್ರಹ ದುಂಡು. 13 ಜನಾಂಗ ಇವೆ, ಬೇಡವಾದರೆ ನಮ್ಮದೇ ಜನಾಂಗ ಕಟ್ಟಿಕೊಳ್ಳಬಹುದು. ಅಭಿಮಾನಿಗಳು ಮಾಡಿದ 1.50 ಪ್ಯಾಚ್ ಹಾಕಿದರೆ ಎಷ್ಟೋ ಹಳೇ ಬಗ್ ಹೋಗುತ್ತವೆ. ಡಾಸ್‌ಬಾಕ್ಸ್‌ನ ಐಪಿಎಕ್ಸ್ (ಹಳೇ ಆಟಗಳ ನೆಟ್‌ವರ್ಕ್ ಪದ್ಧತಿ) ಸೌಲಭ್ಯದಿಂದ ಇಂಟರ್‌ನೆಟ್ ಮೇಲೆ ನಾಲ್ಕು ಜನ ಕೂತು ಆಡಬಹುದು. ಮೊದಲನೆಯದರಲ್ಲಿ ಬೇರೆಯವರ ಜೊತೆ ಆಡುವ ದಾರಿಯೇ ಇಲ್ಲ.

ಕ್ಯಾತ್ಸಂದ್ರ ಕಮಾಂಡರ್:
‘ಹಳೇ ಬಗ್ ಹೋಗುತ್ತವೆ’ ಅಂತೀರಿ. ಹಾಗಾದರೆ ಅದು ಅಸಲಿ ಹೇಗೆ ಮೇಡಂ? ಅದೂ ಅಲ್ಲದೆ ಎರಡನೆಯದರಲ್ಲಿ ಒಂದೊಂದು ಗ್ರಹದಲ್ಲೂ ಒಂದೊಂದು ಕಟ್ಟಡ ಕಟ್ಟಿಸುತ್ತಾ ಕೂರಬೇಕು. ಗ್ರಹ ಜಾಸ್ತಿ ಆದಂತೆ ಅದು ಆಟವಲ್ಲ, ಗುಮಾಸ್ತೆ ಕೆಲಸ.

ಎಸ್.ಎಸ್. ಪುರಂ ರೂಪಾ:
ನಿಮ್ಮ ಡಾಸ್‌ಬಾಕ್ಸ್ 2002ರಲ್ಲಿ ಬಂದದ್ದು. ಅದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನ ನಾಟಕ ಆಡುತ್ತದೆ. ಅದರೊಳಗೆ ಓಡುವ ಆಟ ಅಸಲಿ, ನನ್ನ ಪ್ಯಾಚ್ ನಕಲಿ. ಸರಿ ಸರ್.

ಕ್ಯಾತ್ಸಂದ್ರ ಕಮಾಂಡರ್:
ನನ್ನ ಹತ್ತಿರ ಡಿಸ್ಕ್ ಇದೆ. ಆ ಕಾಲದ್ದೇ. ಅದರಿಂದ ಕಾಪಿ ಮಾಡಿಕೊಂಡ ಫೈಲುಗಳು ಇವು. ಕೃತಿಸ್ವಾಮ್ಯ ಕಾಯ್ದೆ 1957, ಸೆಕ್ಷನ್ 52 ಓದಿ. ಕಂಪ್ಯೂಟರ್ ಪ್ರೋಗ್ರಾಮಿಗೆ ಬ್ಯಾಕಪ್ ಮಾಡಿಕೊಳ್ಳುವುದು ತಪ್ಪಲ್ಲ. ಅಸಲಿ ಅಂದರೆ ಅದು.

ತಿಪಟೂರು 486:
ಅದೇ ಸೆಕ್ಷನ್‌ನಲ್ಲಿ ಆ ಹಕ್ಕು ಪ್ರತಿಯನ್ನು ಕಾನೂನುಬದ್ಧವಾಗಿ ಇಟ್ಟುಕೊಂಡವರಿಗೆ ಅಂತಲೂ ಇದೆಯಲ್ಲ ಅಣ್ಣ? ಆ ಡಿಸ್ಕ್ ಮೇಲೆ ಆಟದ ಹೆಸರು ಮಾರ್ಕರ್ ಪೆನ್ನಿನಲ್ಲಿ ಬರೆದಿದೆ. ನಿಮ್ಮ ಇನ್ನೊಂದು ಪೋಸ್ಟಿನ ಫೋಟೋದಲ್ಲಿ ನೋಡಿದ್ದೇನೆ.

ಗುಬ್ಬಿ ಪೆಂಗ್ವಿನ್:
😂😂

ಕ್ಯಾತ್ಸಂದ್ರ ಕಮಾಂಡರ್:
ನಾನು ಈ ಆಟ ಗೆದ್ದು ಓರಿಯನ್ ಕಾಯುವ ಗಾರ್ಡಿಯನ್ನನ್ನು ಹೊಡೆದುಹಾಕಿದಾಗ ನೀವೆಲ್ಲ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದಿರಿ. ಈಗ ಮಾರ್ಕರ್ ಪೆನ್ ಲೆಕ್ಕ ಹೇಳುತ್ತೀರಾ? ಆಗ ನಮ್ಮೂರ ಅಂಗಡಿಗಳಲ್ಲಿ ಡಬ್ಬಿ ಸಮೇತ ಆಟ ಎಲ್ಲಿ ಸಿಗುತ್ತಿತ್ತು? ಬೆಂಗಳೂರಿಗೆ ಹೋಗಿ ಬಂದವರು ತಂದು ಕೊಟ್ಟದ್ದೇ ಪ್ರಸಾದ. ಆಮೇಲೆ ಗಾಗ್‌ನಲ್ಲಿ ಕಾಸು ಕೊಟ್ಟೇ ತಗೊಂಡಿದ್ದೇನೆ. ರಸೀದಿ ಬೇಕಾ?

ಶಿರಾ ಗೇಟ್ ಶಿವು:
ಚಡ್ಡಿಯಲ್ಲೇ ಇದ್ದೆ, ನಿಜ. ಆದರೆ 4:3 ಮಾನಿಟರಿನ ಮುಂದೆ ಇದ್ದೆ.

ಹಳೇ ಮಾನಿಟರ್:
ಡಿಸ್ಕ್ ಮಾತು ಬಂತು ಅಂತ ಹೇಳುತ್ತೇನೆ. ಅಸಲಿ ಡಿಸ್ಕ್ ಇದ್ದವರ ಪಾಡೇ ಹೆಚ್ಚು ಕಷ್ಟ. ತೊಂಬತ್ತರ ದಶಕದ ಕೊನೆಯಿಂದ ಬಂದ ಎಷ್ಟೋ ವಿಂಡೋಸ್ ಆಟಗಳ ಸಿಡಿಗಳಲ್ಲಿ ನಕಲು ತಡೆಯಲು ಸೇಫ್‌ಡಿಸ್ಕ್ ಅನ್ನುವ ಬೀಗ ಇತ್ತು. ಅದಕ್ಕೆ ವಿಂಡೋಸ್ ಒಳಗೇ ಒಂದು ಡ್ರೈವರ್ ಬೇಕಿತ್ತು. ಸುರಕ್ಷತೆಗೆ ತೊಂದರೆ ಅಂತ 2015ರಲ್ಲಿ ವಿಂಡೋಸ್ 10ರಿಂದ ಅದನ್ನು ಕೈಬಿಟ್ಟರು. ಹಳೇ ವಿಂಡೋಸ್‌ಗಳಲ್ಲೂ ಅದೇ ವರ್ಷ ಅಪ್‌ಡೇಟ್ ಕಳಿಸಿ ನಿಲ್ಲಿಸಿದರು. ಕಾಸು ಕೊಟ್ಟು ಕೊಂಡವನ ಡಿಸ್ಕ್ ಓಡುವುದಿಲ್ಲ, ಬೀಗ ಒಡೆದ ನಕಲು ಓಡುತ್ತದೆ.

ಕ್ಯಾತ್ಸಂದ್ರ ಕಮಾಂಡರ್:
‘ನಕಲು ಓಡುತ್ತದೆ.’ ಹಿರಿಯರೇ ಹೇಳಿದ್ದಾರೆ. 486 ಅವರು ಗಮನಿಸಬೇಕು.

ತಿಪಟೂರು 486:
ನಿಮ್ಮ ಆಟ ಡಾಸ್‌ನದ್ದು. ಸೇಫ್‌ಡಿಸ್ಕ್‌ಗೂ ಅದಕ್ಕೂ ಏನು ಸಂಬಂಧ? ಏನೋ ಒಂದು ಸಾಲು ಹಿಡಿದು ನೇತಾಡುವುದು.

ಕೊರಟಗೆರೆ ಹೊಸಬ:
ಅಣ್ಣಾ, ಎಲ್ಲ ಓದಿದೆ. ಮೊದಲ ಓರಿಯನ್ ಹಾಕಿಕೊಂಡೆ, ಸಕ್ರಾ ಜನಾಂಗ ತಗೊಂಡೆ, ಚೆನ್ನಾಗಿ ನಡೆಯುತ್ತಿದೆ. ನನ್ನ ಲ್ಯಾಪ್‌ಟಾಪ್ 1366×768. ಯಾವ ಸೆಟ್ಟಿಂಗ್ ಇಡಲಿ?

ಕ್ಯಾತ್ಸಂದ್ರ ಕಮಾಂಡರ್:
ಮೂರು ಪಟ್ಟು ಮಾಡು ತಮ್ಮಾ. 960×600. ಸುತ್ತ ಕಪ್ಪು ಉಳಿದರೆ ಉಳಿಯಲಿ, ಒಂದು ಚುಕ್ಕೆಯೂ ಕದಡುವುದಿಲ್ಲ.

ಶಿರಾ ಗೇಟ್ ಶಿವು:
ಬೇಡ ಬೇಡ. 1024×768 ಇಡು, ಆಸ್ಪೆಕ್ಟ್ ಟ್ರೂ. ಅಷ್ಟು ಸಣ್ಣ ಚೌಕಟ್ಟಿನಲ್ಲಿ ಇಣುಕಿ ನೋಡೋದಕ್ಕಾ ಆಟ ಹಾಕಿಕೊಂಡಿರೋದು? ಇಲ್ಲ ಅಂದರೆ ಡಾಸ್‌ಬಾಕ್ಸಿನದೇ ಹೊಸ ರೂಪ, ಡಾಸ್‌ಬಾಕ್ಸ್ ಸ್ಟೇಜಿಂಗ್ ಹಾಕಿಕೋ. ಅದು ಏನೂ ಕೇಳದೆ ತಾನೇ 4:3 ಮಾಡಿಕೊಡುತ್ತದೆ. ಅದನ್ನು ಬರೆದವರಿಗೂ ಗೊತ್ತು ಯಾವುದು ಸರಿ ಅಂತ.

ಕ್ಯಾತ್ಸಂದ್ರ ಕಮಾಂಡರ್:
200 ಸಾಲನ್ನು 768 ಮಾಡಿದರೆ 3.84 ಪಟ್ಟು. ಒಂದು ಸಾಲು ದಪ್ಪ, ಒಂದು ಸಾಲು ಸಣ್ಣ. ಅಕ್ಷರ ನೋಡು, ನಡುಗುತ್ತಿರುತ್ತದೆ. 4:3 ಬೇಕೇ ಬೇಕು ಅನ್ನುವವರು 1600×1200 ಮಾನಿಟರ್ ತರಲಿ, ಅಡ್ಡಕ್ಕೆ ಐದು, ಉದ್ದಕ್ಕೆ ಆರು, ಸರಿಯಾಗಿ ಕೂರುತ್ತದೆ. ತಂದುಕೊಡುತ್ತೀರಾ ಶಿವು?

ಶಿರಾ ಗೇಟ್ ಶಿವು:
‘ಸರಿಯಾಗಿ ಕೂರುತ್ತದೆ’ ಅಂದಿರಿ. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ. ಅಳಿಸಬೇಡಿ.

ಕೊರಟಗೆರೆ ಹೊಸಬ:
ಸದ್ಯಕ್ಕೆ ಎರಡೂ ಮಾಡಿ ನೋಡಿದೆ. ನನಗೆ ವ್ಯತ್ಯಾಸ ಕಾಣಲಿಲ್ಲ. ಅದಿರಲಿ, ಎದುರಾಳಿ ಸೈಲಾನ್ ಜನಾಂಗದವರು ನನಗಿಂತ ಸಂಶೋಧನೆಯಲ್ಲಿ ಬಹಳ ಮುಂದೆ ಹೋಗಿಬಿಟ್ಟಿದ್ದಾರೆ, ಏನು ಮಾಡಲಿ?

ಶಿರಾ ಗೇಟ್ ಶಿವು:
ವ್ಯತ್ಯಾಸ ಕಾಣಲಿಲ್ಲವಾ?! ಸ್ಕ್ರೀನ್‌ಶಾಟ್ ಹಾಕು.

ಕ್ಯಾತ್ಸಂದ್ರ ಕಮಾಂಡರ್:
ಹಾಕು ಹಾಕು. ಎರಡೂ ಹಾಕು. ಒಂದೇ ಗ್ರಹದ್ದು ಇರಲಿ.

ಮಧುಗಿರಿ ಮೆಕ್ಲಾರ್:
ಸೈಲಾನ್ ಬಗ್ಗೆ ಕೇಳಿದವನಿಗೆ: ಗೂಢಚಾರರಿಗೆ ದುಡ್ಡು ಹಾಕು, ಕದಿ. ಮಿಕ್ಕವರಿಗೆ: ಇಂಧನದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.